ಸೋಫಾದ ಮೇಲಿನ ರೋಗಿ

ಒಬ್ಬ ಪರಗಂಡಸು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತುತ್ತಿದ್ದರೆ, ನನ್ನ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನೋಡುತ್ತಿದ್ದದ್ದು ನನ್ನನ್ನಲ್ಲ, ಅವನ ಕೈಯನ್ನು. ಮುಟ್ಟುವ ಮೊದಲು ಆ ಮಹಾನುಭಾವ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡಿದ್ದ. ನೋವಾದರೆ ತಡೆದುಕೊಳ್ಳಬೇಡಿ, ಹೇಳಿಬಿಡಿ ಎಂದಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅದನ್ನು ಅವನಿಗೆ ಹೇಳುವಂತಿರಲಿಲ್ಲ.

ಅದು ನಮ್ಮ ಬಾಡಿಗೆ ಮನೆಯ ನಡುಕೋಣೆ. ಸೋಫಾವೇ ಆಸ್ಪತ್ರೆಯ ಮಂಚ, ಅಡುಗೆಮನೆಯ ಪರದೆಯೇ ಬಾಗಿಲು, ನಾನೇ ರೋಗಿ. ನನ್ನ ಹೆಂಡತಿ ಡಾಕ್ಟರು, ಅವನೂ ಡಾಕ್ಟರು. ಆದರೆ ಇಬ್ಬರೂ ಓದಿದ್ದು ನಮ್ಮ ದೇಶದಲ್ಲಿ. ಈ ದೇಶದಲ್ಲಿ ಒಬ್ಬರ ನಾಡಿ ಹಿಡಿಯಬೇಕಾದರೂ ಇಲ್ಲಿಯ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. ಇಬ್ಬರೂ ಎರಡೆರಡು ಸಲ ಫೇಲಾಗಿದ್ದರು. ಮೂರನೆಯ ಸಲವೂ ಫೇಲಾದರೆ ಮತ್ತೆ ಕೂರಲು ಬಿಡುವುದಿಲ್ಲ, ಜನ್ಮದಲ್ಲಿ ಇಲ್ಲಿ ಡಾಕ್ಟರಾಗುವ ಹಾಗಿಲ್ಲ. ಅದಕ್ಕೇ ನನ್ನ ಹೊಟ್ಟೆ ಸಾರ್ವಜನಿಕ ಆಸ್ತಿಯಾಗಿತ್ತು.

ನನ್ನ ಹೆಂಡತಿ ಎಂಥವಳು ಎಂದು ಹೇಳದೆ ಮುಂದಕ್ಕೆ ಹೋದರೆ ನಿಮಗೆ ಇದೆಲ್ಲ ಹುಡುಗಾಟದಂತೆ ಕಾಣುತ್ತದೆ. ಊರಲ್ಲಿ ಅವಳು ದೊಡ್ಡಾಸ್ಪತ್ರೆಯ ಹೆರಿಗೆ ಡಾಕ್ಟರು. ಒಂದೊಂದು ಮಂಚದ ಮೇಲೆ ಇಬ್ಬಿಬ್ಬರು ಬಸುರಿಯರು ಮಲಗುವ ವಾರ್ಡು ಅದು. ಅವಳು ನಿಂತುಕೊಂಡೇ ಊಟ ಮಾಡುತ್ತಿದ್ದಳು, ನಡೆಯುತ್ತಲೇ ಬೈಯುತ್ತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೇ ಮಗು ಅಡ್ಡ ತಿರುಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಯಾಕಮ್ಮಾ ಹಾಗೆ ಕಿರಿಚ್ತೀಯ, ಉಸಿರು ಬಿಡು ಎಂದು ಅವಳು ಗದರಿದರೆ ನೋವು ತಿನ್ನುತ್ತಿದ್ದವರಿಗೂ ಧೈರ್ಯ ಬರುತ್ತಿತ್ತಂತೆ. ನನ್ನದು ಆಸ್ಪತ್ರೆಯ ಎದುರಿನ ಕನ್ನಡಕದಂಗಡಿ. ಗಿರಾಕಿಗಳಲ್ಲಿ ಅರ್ಧ ಜನ ಅವಳು ಹೆರಿಗೆ ಮಾಡಿಸಿದ ಮಕ್ಕಳ ಅಜ್ಜಿಯರು. ಡಾಕ್ಟ್ರಮ್ಮನ ಯಜಮಾನ್ರಲ್ವಾ ಎಂದು ಚೌಕಾಸಿಯನ್ನೂ ಮಾಡುತ್ತಿರಲಿಲ್ಲ. ಆಗ ಹೊಟ್ಟೆಕಿಚ್ಚು ಪಡುವುದು ಬೇರೆಯವರ ಕೆಲಸವಾಗಿತ್ತು, ನನಗೆ ಅದರ ಗಂಧವೂ ಗೊತ್ತಿರಲಿಲ್ಲ.

ಆ ವಾರ್ಡಿನಲ್ಲಿ ಬರಬರುತ್ತ ಔಷಧಿ ನಿಂತಿತು, ಸಂಬಳ ನಿಂತಿತು, ಕೊನೆಗೆ ಕರೆಂಟೂ ನಿಲ್ಲತೊಡಗಿತು. ಮೊಬೈಲ್ ಬೆಳಕಿನಲ್ಲಿ ಹೆರಿಗೆ ಮಾಡಿಸಿ ಮಾಡಿಸಿ ಅವಳಿಗೆ ಸಾಕಾಗಿತ್ತು. ಅವಳ ಸೋದರಮಾವ ಇಲ್ಲಿಂದ ಫೋನು ಮಾಡಿ, ಇಲ್ಲಿ ಡಾಕ್ಟರಿಗೆ ಬರ, ಬಂದವರನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ ಎಂದ. ಅಂಗಡಿ ಮಾರಿ ಬಂದೆವು. ಡಾಕ್ಟರಿಗೆ ಬರ ಎಂಬ ಮಾತು ಸುಳ್ಳಲ್ಲ. ಆದರೆ ಬಂದು ನಿಂತ ಡಾಕ್ಟರನ್ನು ಡಾಕ್ಟರು ಎಂದು ಒಪ್ಪಿಕೊಳ್ಳಲು ಇವರಿಗೆ ಮನಸ್ಸಿಲ್ಲ. ನನ್ನ ಹೆಂಡತಿ ಒಂದು ವೃದ್ಧಾಶ್ರಮದಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಮುದುಕರಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಾಯಿಸುವುದು, ತಲೆ ಬಾಚುವುದು. ನಾನು ಬೇರೆಯವರ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜುವ ಕೆಲಸ ಹಿಡಿದೆ. ಗಿರಾಕಿಯ ಮುಖ ನೋಡುವ ಭಾಗ್ಯವಿಲ್ಲ, ಬರೀ ಗಾಜು.

ಬರೆಯುವ ಪರೀಕ್ಷೆಯನ್ನು ಅವಳು ಒಂದೇ ಏಟಿಗೆ ಮುಗಿಸಿದಳು. ಮುಗ್ಗರಿಸಿದ್ದು ಮಾಡಿ ತೋರಿಸುವ ಪರೀಕ್ಷೆಯಲ್ಲಿ. ಸಾಲಾಗಿ ಕೋಣೆಗಳು, ಒಂದೊಂದರಲ್ಲೂ ಕೂಲಿಗೆ ಕರೆತಂದ ಒಬ್ಬ ಸುಳ್ಳು ರೋಗಿ, ಮೂಲೆಯಲ್ಲಿ ಅಂಕ ಹಾಕುವವನು. ಬಾಗಿಲು ತಟ್ಟಿ ಒಳಗೆ ಹೋಗಿ, ಹೆಸರು ಹೇಳಿ, ಕೂತು, ವಿಚಾರಿಸಿ, ಮುಟ್ಟಿ ನೋಡಿ, ಗಂಟೆ ಹೊಡೆಯುವುದರೊಳಗೆ ಮುಗಿಸಬೇಕು. ಕಾಯಿಲೆಯ ಜೊತೆಗೆ ಸುಳ್ಳು ರೋಗಿಯ ಮನಸ್ಸಿನಲ್ಲಿ ಒಂದು ಚಿಂತೆಯನ್ನೂ ಬಚ್ಚಿಟ್ಟಿರುತ್ತಾರೆ. ಇನ್ನೇನಾದರೂ ಕೊರೆಯುತ್ತಿದೆಯೇ ಎಂದು ಮೆತ್ತಗೆ ಕೇಳಿದರೆ ಮಾತ್ರ ಅವನು ಅದನ್ನು ಬಿಚ್ಚಬೇಕು. ಅರ್ಧ ಅಂಕ ಅದಕ್ಕೇ. ನನ್ನ ಹೆಂಡತಿ ಕೂರುವ ಹೊತ್ತಿಗೇ ಕಾಯಿಲೆ ಗುರುತು ಹಿಡಿದು, ಔಷಧಿ ಹೇಳಿ, ಗಂಟೆಗೆ ಮೊದಲೇ ಎದ್ದು ಬಂದಿದ್ದಳು. ಕಾಯಿಲೆಯೆಲ್ಲ ಸರಿ, ಚಿಂತೆಯೆಲ್ಲ ಸೊನ್ನೆ. ಕಾಯಿಲೆಯೇ ಇಲ್ಲದವನಿಗೆ ಚಿಂತೆ ಎಲ್ಲಿಂದ ಬರಬೇಕು ಎಂದು ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದ್ದಳು.

ಎರಡನೆಯ ಸಲ ಫೇಲಾದ ದಿನ ಆ ಕಟ್ಟಡದ ಮೆಟ್ಟಿಲ ಮೇಲೆ ಅವಳಿಗೆ ಸಿಕ್ಕವನೇ ಈ ಮಕ್ಕಳ ಡಾಕ್ಟರು. ನಮ್ಮ ಭಾಷೆಯವನು, ನನಗಿಂತ ಚಿಕ್ಕವನು, ಮದುವೆಯಾಗಿಲ್ಲ. ಪಾರ್ಸೆಲ್ ಗೋದಾಮಿನಲ್ಲಿ ಡಬ್ಬ ಎತ್ತಿ ಜೀವನ ಮಾಡುತ್ತಿದ್ದ. ಅವನ ರೋಗ ಇವಳದ್ದಕ್ಕೆ ತೀರಾ ಉಲ್ಟಾ. ಸುಳ್ಳು ರೋಗಿಯ ಚಿಂತೆ ಕೇಳುತ್ತ ಕೂತುಬಿಡುತ್ತಿದ್ದ, ಗಂಟೆ ಹೊಡೆದರೂ ಏಳುತ್ತಿರಲಿಲ್ಲ, ಔಷಧಿ ಹೇಳುವುದೇ ಉಳಿದುಹೋಗುತ್ತಿತ್ತು. ಇವಳಿಗೆ ಕೇಳುವುದನ್ನು ಅವನು ಕಲಿಸುವುದು, ಅವನಿಗೆ ನಿಲ್ಲಿಸುವುದನ್ನು ಇವಳು ಕಲಿಸುವುದು ಎಂದು ಮಾತಾಯಿತು. ಒಳ್ಳೇ ಜೋಡಿ ಎಂದು ಇವಳೇ ನಗುತ್ತ ನನಗೆ ಹೇಳಿದಳು. ನಾನು ನಗಲಿಲ್ಲ.

ರೋಗಿಯಾಗಿ ನಾನು ಬೇಗ ಪಳಗಿದೆ. ಯಾವ ಕಾಯಿಲೆ, ಏನು ಚಿಂತೆ ಎಂದು ಒಬ್ಬರು ನನ್ನ ಕಿವಿಯಲ್ಲಿ ಹೇಳಿ ಗಡಿಯಾರ ಹಿಡಿದು ಕೂರುವುದು, ಇನ್ನೊಬ್ಬರು ಪರದೆ ಸರಿಸಿ ಬಂದು ಪತ್ತೆ ಮಾಡುವುದು. ಮಾತೆಲ್ಲ ಇಲ್ಲಿಯ ಭಾಷೆಯಲ್ಲಿ, ಪರೀಕ್ಷೆ ಅದರಲ್ಲೇ ತಾನೇ. ಒಂದೇ ಚಳಿಗಾಲದಲ್ಲಿ ನನಗೆ ಹೃದಯಾಘಾತವಾಯಿತು, ಮೂತ್ರಪಿಂಡದಲ್ಲಿ ಕಲ್ಲು ಬೆಳೆಯಿತು, ಕುಡಿತದ ಚಟ ಹತ್ತಿ ಬಿಟ್ಟಿತು. ಒಂದು ಭಾನುವಾರ ಬಸುರಿಯೂ ಆದೆ. ಎಷ್ಟನೇ ತಿಂಗಳು ತಾಯಿ ಎಂದು ಮಕ್ಕಳ ಡಾಕ್ಟರು ಗಂಭೀರವಾಗಿ ಕೇಳಿದಾಗ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಈ ದೇಶಕ್ಕೆ ಬಂದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬಸುರಿಯಾದವನು ನಾನು, ನಗಿಸಿದ ಕೀರ್ತಿ ಅವನಿಗೆ.

ಅಲ್ಲಿಂದ ನನ್ನ ಕಣ್ಣಿಗೆ ಎಲ್ಲವೂ ಬೀಳತೊಡಗಿದವು. ಚಹಾ ಮಾಡಿದರೆ ಒಡೆಯದ ಕಪ್ಪು ಅವನಿಗೆ, ಕಿವಿ ಮುರಿದದ್ದು ನನಗೆ. ಅವನು ಬರುವ ಹೊತ್ತಿಗೆ ಇವಳು ತಲೆ ಬಾಚಿಕೊಂಡಿರುತ್ತಿದ್ದಳು. ಎಲ್ಲಿಗಾದರೂ ಹೊರಟಿದ್ದೀಯಾ ಎಂದು ಕೇಳಿದರೆ, ಹೊರಗೆ ಹೋದರೆ ಮಾತ್ರ ಬಾಚಬೇಕಾ ಎಂದು ಮೂತಿ ತಿರುವುತ್ತಿದ್ದಳು. ಅವನು ದೊಡ್ಡವರ ಹತ್ತಿರವೂ ಮಕ್ಕಳ ಹತ್ತಿರ ಮಾತಾಡಿದಂತೆ ಮಾತಾಡುತ್ತಾನೆ, ನೋಡಿ ಕಲೀಬೇಕು ಎಂದು ದಿನಕ್ಕೊಮ್ಮೆಯಾದರೂ ಅವನ ಗುಣಗಾನ. ಅವನ ಉಗುರು ಕೂಡ ನೀಟಾಗಿರುತ್ತಿತ್ತು. ಡಬ್ಬ ಎತ್ತುವವನ ಉಗುರು ಅಷ್ಟು ನೀಟಾಗಿರಲು ಹೇಗೆ ಸಾಧ್ಯ ಎಂದು ನಾನು ಗಾಜು ಉಜ್ಜುತ್ತ ಯೋಚಿಸುತ್ತಿದ್ದೆ. ಎರಡು ಜೋಡಿ ಗಾಜು ಒಡೆದು ಮಾಲೀಕನ ಕೈಲಿ ಬೈಸಿಕೊಂಡೆ.

ಇದಕ್ಕಿಂತ ವಿಚಿತ್ರವಾದ ಉರಿ ಇನ್ನೊಂದಿತ್ತು. ಅವನಿಂದ ಕಲಿಯುತ್ತ ಕಲಿಯುತ್ತ ನನ್ನ ಹೆಂಡತಿಯ ದನಿ ಬದಲಾಯಿತು. ಪರದೆ ಸರಿಸಿ ಬಂದು, ಸೋಫಾದ ಅಂಚಿಗೆ ಕೂತು, ನನ್ನ ಮಣಿಕಟ್ಟು ಹಿಡಿದು, ನಿಮಗೆ ಎಷ್ಟು ಕಷ್ಟವಾಗಿರಬೇಕು, ನಿಧಾನವಾಗಿ ಹೇಳಿ, ಅವಸರವಿಲ್ಲ ಎನ್ನುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ದನಿ ನನ್ನ ಪಾಲಿಗೆ ಬಂದಿರಲಿಲ್ಲ. ನಾನು ಕರಗಿ ನೀರಾಗುತ್ತಿದ್ದೆ. ಅಷ್ಟರಲ್ಲಿ ಗಡಿಯಾರ ಕಿರುಗುಟ್ಟುತ್ತಿತ್ತು. ಅವಳು ಕೈ ಬಿಟ್ಟು ಎಷ್ಟು ಅಂಕ ಎಂದು ಅವನ ಕಡೆ ತಿರುಗುತ್ತಿದ್ದಳು. ಆಮೇಲೆ ನಿಜವಾಗಿ ತಲೆನೋವು ಎಂದರೆ, ಡಬ್ಬದಲ್ಲಿ ಮಾತ್ರೆ ಇದೆ, ನುಂಗಿ ಎಂದಷ್ಟೇ ಉತ್ತರ. ಆ ಸುಳ್ಳು ರೋಗಿ ನನ್ನ ಸೋಫಾದ ಮೇಲೆ ನನ್ನ ಮೈಯಲ್ಲೇ ಮಲಗಿಕೊಂಡು ನನ್ನ ಪಾಲನ್ನು ತಿನ್ನುತ್ತಿದ್ದ. ಜಗತ್ತಿನಲ್ಲಿ ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟ ಗಂಡ ನಾನೊಬ್ಬನೇ ಇರಬೇಕು.

ಒಂದು ಭಾನುವಾರ ರೇಗಿಹೋಯಿತು. ಮೈಯಲ್ಲಿ ಸುಸ್ತು, ಇನ್ನು ನನ್ನ ಕೈಲಾಗುವುದಿಲ್ಲ ಎಂದುಬಿಟ್ಟೆ. ಇಬ್ಬರೂ ಗೋಗರೆಯುತ್ತಾರೆ, ನಾನು ಸ್ವಲ್ಪ ಬಿಗುಮಾನ ಮಾಡಿ ಒಪ್ಪಿಕೊಳ್ಳುತ್ತೇನೆ ಎಂಬುದು ನನ್ನ ಲೆಕ್ಕ. ಹಾಗಾದ್ರೆ ರೆಸ್ಟ್ ತಗೊಳ್ಳಿ ಎಂದಳು ನನ್ನ ಹೆಂಡತಿ, ಅಷ್ಟೇ. ವಾರವೆಲ್ಲ ಮುಖ ಊದಿಸಿಕೊಂಡಿದ್ದೆ, ಅವಳು ತಿರುಗಿಯೂ ನೋಡಲಿಲ್ಲ. ಮುಂದಿನ ಭಾನುವಾರ ಚೀಲ ಹೆಗಲಿಗೇರಿಸಿ ಅವನ ಕೋಣೆಗೆ ಹೊರಟಳು. ಅಲ್ಲಿ ರೋಗಿ ಯಾರು ಎಂದು ಕೇಳಿದೆ.

'ಇನ್ಯಾರು, ಅವರೇ ಮಲಗ್ತಾರೆ' ಎಂದು ಚಪ್ಪಲಿ ಮೆಟ್ಟಿಕೊಂಡಳು.

ಆ ಮಧ್ಯಾಹ್ನ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಅವನ ಹೊಟ್ಟೆ, ಇವಳ ಕೈ. ಊರಿನ ಬಸುರಿಯರನ್ನೆಲ್ಲ ಮುಟ್ಟಿದ ಕೈಯಪ್ಪಾ ಅದು, ಡಾಕ್ಟರ ಕೈಗೆ ಗಂಡಸು ಹೆಂಗಸು ಎಂದಿಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಗೋಡೆಗೆ ಹೇಳಿದ ಹಾಗಾಯಿತು. ನೆಲ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ, ಕಿಟಕಿಗೆ ಹೋಗಿ ಬೀದಿ ನೋಡಿದೆ. ಸಂಜೆ ಅವಳು ಬಂದು ಕೀಲಿ ತಿರುಗಿಸಿದ ಕೂಡಲೇ ನನ್ನ ಸುಸ್ತು ಹಾರಿಹೋಯಿತು. ಬರುವ ವಾರದಿಂದ ಇಲ್ಲೇ ಮಾಡಿ, ಸೋಫಾ ಸುಮ್ಮನೆ ಬಿದ್ದಿದೆ ಎಂದೆ. ಹೂಂ ಎಂದು ಒಳಗೆ ಹೋದಳು. ನಾನು ಮಾನ ಮರ್ಯಾದೆ ಬಿಟ್ಟು ಮತ್ತೆ ಅಂಗಿ ಮೇಲಕ್ಕೆತ್ತಿ ಮಲಗಿದೆ.

ಪರೀಕ್ಷೆಗೆ ಮೊದಲಿನ ಕೊನೆಯ ಅಭ್ಯಾಸದ ದಿನ ಮಕ್ಕಳ ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ. ಬಹಳ ದಿನದಿಂದ ಹೊಟ್ಟೆನೋವು, ತಂದೆ ಇದೇ ನೋವಿನಿಂದ ಸತ್ತರು, ತನಗೂ ಅದೇ ಗತಿಯೇನೋ ಎಂಬ ಚಿಂತೆ. ಹೇಳಿ, ಗಡಿಯಾರ ಹಿಡಿದು ಕೂತ. ನನ್ನ ಹೆಂಡತಿ ಪರದೆ ಸರಿಸಿ ಬಂದಳು. ಹೆಸರು ಹೇಳಿದಳು, ಕೂತಳು, ನೋವು ಎಲ್ಲಿ, ಯಾವಾಗ, ಊಟಕ್ಕೆ ಮೊದಲೋ ಆಮೇಲೋ ಎಂದು ಸಮಾಧಾನವಾಗಿ ವಿಚಾರಿಸಿದಳು. ಆಮೇಲೆ ಮಣಿಕಟ್ಟು ಹಿಡಿದು, ಇನ್ನೇನಾದರೂ ಮನಸ್ಸಿಗೆ ಕೊರೆಯುತ್ತಿದೆಯೇ ಎಂದು ಕೇಳಿದಳು. ಸತ್ತ ತಂದೆಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ, ಅದೂ ನಮ್ಮ ಭಾಷೆಯಲ್ಲಿ.

'ಕೊರೀತಿದೆ. ನನ್ನ ಹೆಂಡ್ತಿ ಒಂದು ಪರೀಕ್ಷೆಗೆ ಓದ್ತಿದ್ದಾಳೆ. ಪಾಸಾದ್ರೆ ನನ್ನನ್ನ ಬಿಟ್ಟು ಹೋಗ್ತಾಳೇನೋ ಅಂತ ಭಯ. ಒಂದೊಂದ್ಸಲ ಫೇಲಾಗ್ಲಿ ಅನ್ಸುತ್ತೆ.'

ಅವಳ ಬೆರಳು ಕದಲಲಿಲ್ಲ. ಅವಳೂ ನಮ್ಮ ಭಾಷೆಗೇ ಹೊರಳಿದಳು.

'ಹೇಳಿದ್ದು ಒಳ್ಳೇದಾಯ್ತು. ಯಾವಾಗಿಂದ ಈ ಭಯ?'

'ಅವಳು ಇನ್ನೊಬ್ರ ಮಾತಿಗೆ ನಗೋಕೆ ಶುರು ಮಾಡಿದಾಗಿಂದ.'

'ಹೆಂಡ್ತೀನ ಕೇಳಿದ್ದೀರಾ?'

'ಇಲ್ಲ. ಏನು ಉತ್ತರ ಬರುತ್ತೋ ಅಂತ.'

ಆವತ್ತು ಗಡಿಯಾರ ಯಾಕೋ ಕಿರುಗುಟ್ಟಲೇ ಇಲ್ಲ. ಅವಳು ತಲೆಯಾಡಿಸಿ, ನನ್ನ ಹೊಟ್ಟೆ ಮುಟ್ಟಿ ನೋಡಿ, ಹುಣ್ಣಿರಬಹುದು, ಕೊಳವೆ ಹಾಕಿ ಪರೀಕ್ಷೆ ಮಾಡಿಸೋಣ, ಮನಸ್ಸಿನ ಮಾತನ್ನು ಮನೆಯಲ್ಲಿ ಆಡಿ ಎಂದು ಹೇಳಿ, ಕ್ರಮವಾಗಿ ಎಲ್ಲ ಮುಗಿಸಿ ಎದ್ದಳು. ಎಷ್ಟು ಎಂದು ಅವನನ್ನು ಕೇಳಿದಳು. ಅವನು ನೆಲ ನೋಡುತ್ತ ಪೂರ್ತಿ ಎಂದ. ಆಮೇಲೆ ಅವಳು ನನ್ನ ಕಡೆ ತಿರುಗಿ, ಎಷ್ಟು ಚೆನ್ನಾಗಿ ಮಾಡಿದಿರಿ, ನಿಜವೇ ಅನ್ನಿಸಿಬಿಟ್ಟಿತು ಎಂದು ಪರದೆ ಸರಿಸಿ ಚಹಾ ಇಡಲು ಹೋದಳು. ಎದೆ ಬಗೆದು ತೋರಿಸಿದರೆ ಅದಕ್ಕೂ ಅಂಕ. ನಾನು ಅಂಗಿ ಕೆಳಗೆ ಎಳೆದುಕೊಂಡೆ.

ಫಲಿತಾಂಶ ಬಂತು. ಅವಳು ಪಾಸು, ಅವನು ಫೇಲು. ಸುಳ್ಳು ಯಾಕೆ ಹೇಳಲಿ, ಅವಳು ಪಾಸಾದದ್ದಕ್ಕಿಂತ ಅವನು ಫೇಲಾದದ್ದಕ್ಕೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ತನ್ನ ಫಲಿತಾಂಶ ನೋಡಿ ಸುಮ್ಮನಿದ್ದವಳು ಅವನದ್ದು ಕೇಳಿ ಕುಸಿದು ಕೂತಳು. ಆ ಸಂತೋಷಕ್ಕೂ ಅಷ್ಟರಲ್ಲೇ ಕಲ್ಲು ಬಿತ್ತು. ಅವಳಿಗೆ ಕೆಲಸ ಸಿಕ್ಕಿದ್ದು ದೂರದ ಊರಿನ ಆಸ್ಪತ್ರೆಯಲ್ಲಿ. ನಾನು ಬರುವ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವೃದ್ಧಾಶ್ರಮದಲ್ಲಿ ಅವಳ ಕೊನೆಯ ದಿನ ಮಕ್ಕಳ ಡಾಕ್ಟರು ಮನೆಗೆ ಬಂದ. ಇವಳು ಇನ್ನೂ ಬಂದಿರಲಿಲ್ಲ. ಶುಭಾಶಯ ಹೇಳಿ ಹೋಗೋಣವೆಂದು ಬಂದೆ ಎಂದ. ಒಡೆಯದ ಕಪ್ಪಿನಲ್ಲೇ ಚಹಾ ಕೊಟ್ಟೆ, ಸೋತವನಿಗೆ ಅಷ್ಟು ಮಾಡಬಹುದಲ್ಲ. ಈ ಸಲವೂ ಒಂದು ಕೋಣೆಯಲ್ಲಿ ಗಂಟೆ ಹೊಡೆದದ್ದು ಕೇಳಿಸಲಿಲ್ಲ, ಆ ಸುಳ್ಳು ರೋಗಿ ಅಳುತ್ತಿದ್ದಳು, ಹೇಗೆ ಎದ್ದು ಬರೋದು ಎಂದ. ಆಮೇಲೆ ಕಪ್ಪನ್ನು ಕೆಳಗಿಟ್ಟ.

'ಅವತ್ತು ಗಡಿಯಾರ ನಾನೇ ನಿಲ್ಲಿಸ್ಬಿಟ್ಟೆ ಯಜಮಾನ್ರೇ. ನೀವು ಪೂರ್ತಿ ಹೇಳ್ಕೊಳ್ಳಿ ಅಂತ. ಇನ್ನಾದ್ರೂ ಅವರ ಹತ್ರ ಮಾತಾಡಿ.'

ನನ್ನ ಹೆಂಡತಿಗೆ ನಾಟಕವೆನಿಸಿದ್ದು ಇವನಿಗೆ ನಿಜವೆಂದು ಗೊತ್ತಾಗಿತ್ತು. ನೆಟ್ಟಗೆ ದ್ವೇಷಿಸಲೂ ಬಿಡದ ಮನುಷ್ಯನ ಮೇಲೆ ಬರುವ ಸಿಟ್ಟು ಬೇರೆಯೇ. ಅವನು ಹೋದಮೇಲೆ ಬಾಗಿಲು ಹಾಕಿಕೊಂಡು ಅವಳು ಬರುವವರೆಗೆ ಕಾದೆ.

ಅವಳು ಬಂದು ಕೈಕಾಲು ತೊಳೆದು ಕೂತಳು. ಆವತ್ತು ನಾನು ಹೇಳಿದ್ದು ನಾಟಕ ಅಲ್ಲ, ನಿಜ ಎಂದೆ. ಅವಳು ಟವೆಲ್ಲಿನಿಂದ ಬೆರಳೊಂದೊಂದನ್ನೇ ಒರೆಸಿಕೊಂಡಳು.

'ಆವತ್ತೇ ಗೊತ್ತಾಯ್ತು ನಂಗೆ.'

'ಮತ್ತೆ ಚೆನ್ನಾಗಿ ಮಾಡಿದ್ರಿ ಅಂದೆ?'

'ಫೇಲಾಗ್ಲಿ ಅನ್ಸುತ್ತೆ ಅಂದ್ರಲ್ಲ. ಅದನ್ನ ಕೇಳಿಸ್ಕೊಂಡ್ಮೇಲೂ ನಾನು ಹೋಗಿ ಪರೀಕ್ಷೆ ಕೊಡ್ಬೇಕಿತ್ತು.'

ಟವೆಲ್ಲು ಮಡಿಸಿಟ್ಟು ಅವಳೇ ಹೇಳಿದಳು, ಅವರ ಮಾತಿಗೆ ನಗುತ್ತಿದ್ದೆ, ಹೌದು, ಅತ್ತದ್ದೂ ಅವರ ಎದುರಿಗೇ ಎಂದು. ಯಾಕೆ ಅತ್ತೆ ಎಂದು ಕೇಳಿದೆ. ನಾನು ಸುಸ್ತು ಎಂದು ಮುಖ ಊದಿಸಿಕೊಂಡಿದ್ದ ಆ ವಾರ, ವೃದ್ಧಾಶ್ರಮದ ಒಬ್ಬ ಅಜ್ಜಿಯನ್ನು ನೋಡಲು ಬಂದಿದ್ದ ಮೊಮ್ಮಗಳಿಗೆ ಮೊಗಸಾಲೆಯಲ್ಲೇ ಹೆರಿಗೆ ನೋವು ಶುರುವಾಯಿತಂತೆ. ಆಂಬುಲೆನ್ಸ್ ಇನ್ನೂ ಬಂದಿಲ್ಲ. ಅಲ್ಲಿದ್ದ ನರ್ಸಿಗೆ ಮುದುಕರ ಕೆಲಸ ಮಾತ್ರ ಗೊತ್ತು. ಇವಳು ತೋಳು ಮಡಿಸಿ ಮುಂದೆ ಹೋದಳು. ಮೇಲ್ವಿಚಾರಕಿ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಇಲ್ಲಿ ನೀನು ಡಾಕ್ಟರಲ್ಲ, ಹೆಚ್ಚುಕಮ್ಮಿಯಾದರೆ ನಿನಗೆ ಮುಂದೆ ಸಿಗಬೇಕಾದ ಪರವಾನಗಿಗೂ ಕುತ್ತು, ನಮಗೂ ಕುತ್ತು ಎಂದಳು.

'ಮಗುವಿನ ತಲೆ ಕಾಣಿಸ್ತಿತ್ತು ರೀ. ಈಗ ತಿಣುಕಬೇಡ, ಉಸಿರು ಬಿಡು ಅಂತ ಕೂಗ್ದೆ. ಸುಮ್ನಿರು ಅಂದ್ರು. ಆ ಹುಡುಗಿ ಪರ್ಸು ನನ್ನ ಕೈಗೆ ಕೊಟ್ಟು ಗೋಡೆ ಪಕ್ಕ ನಿಲ್ಸಿದ್ರು. ನಿಂತೆ.'

ಕೊನೆಗೆ ಆಂಬುಲೆನ್ಸಿನವರು ಬಂದು, ತಾಯಿ ಮಗು ಇಬ್ಬರೂ ಉಳಿದರಂತೆ. ಮಾರನೆಯ ದಿನ ಆ ಮನೆಯವರು ಬಂದು, ಗಡಿಬಿಡಿಯಲ್ಲಿ ಪರ್ಸನ್ನು ಜೋಪಾನವಾಗಿ ಹಿಡಿದುಕೊಂಡಿದ್ದಕ್ಕೆ ಉಪಕಾರವಾಯಿತು ಎಂದು ಇವಳಿಗೆ ಒಂದು ಚಾಕೊಲೇಟ್ ಡಬ್ಬ ಕೊಟ್ಟು ಹೋದರಂತೆ. ಊರಿನ ಅರ್ಧ ಮಕ್ಕಳನ್ನು ಭೂಮಿಗೆ ತಂದವಳು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳಂತೆ.

'ಅವತ್ತೂ ಮನೆಗೆ ಬಂದೆ, ಮಾರನೇ ದಿನಾನೂ ಬಂದೆ. ನೀವು ಸೋಫಾ ಮೇಲೆ ಆ ಕಡೆ ತಿರುಗಿ ಮಲಗಿದ್ರಿ. ಭಾನುವಾರ ಅವರು ನನ್ನ ಮುಖ ನೋಡಿದ ತಕ್ಷಣ ಏನಾಯ್ತು ಅಂದ್ರು. ಅಷ್ಟೇ, ನನ್ನ ಅವರ ಮಧ್ಯೆ ಇರೋದು.'

ಬಸ್ಸಿನಲ್ಲಿ ಎರಡು ಸೀಟು ಕಾದಿರಿಸಿದ್ದೇನೆ, ಬರುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದು ಎದ್ದಳು. ಬರುತ್ತೇನೆ ಎಂದೆ. ಅಷ್ಟು ಹೇಳಿ ಸುಮ್ಮನಿರಬೇಕಿತ್ತು, ನನ್ನ ಬುದ್ಧಿ ಸುಮ್ಮನಿರಲಿಲ್ಲ. ಆ ಚಾಕೊಲೇಟ್ ಡಬ್ಬ ಏನಾಯಿತು ಎಂದು ಕೇಳಿದೆ. ಅವರ ಕೋಣೆಯಲ್ಲಿ ಕೂತು ಇಬ್ಬರೂ ತಿಂದು ಮುಗಿಸಿದೆವು, ನಾನು ಅಳುತ್ತ ಅಳುತ್ತಲೇ ತಿಂದೆ ಎಂದಳು. ಮನೆಗೆ ಯಾಕೆ ತರಲಿಲ್ಲ ಎಂದು ಕೇಳಲು ಹೊರಟು ಬಾಯಿ ಮುಚ್ಚಿಕೊಂಡೆ. ತಂದಿದ್ದರೆ ಎಲ್ಲಿಯದು, ಯಾರು ಕೊಟ್ಟರು ಎಂದು ಒಂದು ಮಾತೂ ಕೇಳದೆ ನಾನು ತಿಂದುಬಿಡುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.